ಪಾಸ್‌ಪೋರ್ಟ್ ಬೀರುವಿನಲ್ಲಿದೆ, ಸುಳ್ಳು ಗ್ರೂಪಿನಲ್ಲಿದೆ

ಪ್ರಶ್ನೆ: ನಾನು ಶಿವಮೊಗ್ಗದ ಖಾಸಗಿ ಕಾಲೇಜೊಂದರಲ್ಲಿ ಉಪನ್ಯಾಸಕಿ. ವಯಸ್ಸು 33. ಡಿಗ್ರಿ ಓದುವಾಗ ಒಂದೇ ಹಾಸ್ಟೆಲ್ ರೂಮಿನಲ್ಲಿದ್ದ ನಾವು ನಾಲ್ವರು ಗೆಳತಿಯರು ಮೂರು ರಾತ್ರಿಯ ಮಟ್ಟಿಗೆ ಕೊಲಂಬೊಗೆ ಹೋಗೋಣ ಅಂದುಕೊಂಡೆವು. ವಾಟ್ಸಾಪಿನಲ್ಲಿ 'ಲಂಕಾದಹನ' ಅಂತ ಗ್ರೂಪೂ ಆಯಿತು. ಇಬ್ಬರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ, ಇನ್ನೊಬ್ಬಳು ಹುಬ್ಬಳ್ಳಿಯಲ್ಲಿ ಬ್ಯಾಂಕಿನಲ್ಲಿದ್ದಾಳೆ. ಅವರು ಆರಿಸಿದ್ದು ಸಮುದ್ರದ ಎದುರಿನ ದೊಡ್ಡ ಹೋಟೆಲ್, ಇಬ್ಬರ ರೂಮಿಗೆ ದಿನಕ್ಕೆ 20 ಸಾವಿರ. ವಿಮಾನದ ಟಿಕೆಟ್ ಹೋಗಿ ಬರಲು 18 ಸಾವಿರ. ನನ್ನ ಸಂಬಳ 28 ಸಾವಿರ, ಚೀಟಿ ದುಡ್ಡು ಕೂಡಿಟ್ಟಿದ್ದು 35 ಸಾವಿರ. 'ನಿನ್ನ ಪಾಲು ನಾವು ಹಾಕ್ತೀವಿ, ಸುಮ್ನೆ ಬಾ' ಅಂದರು. ಮುಜುಗರವಾಗಿ, 'ಪಾಸ್‌ಪೋರ್ಟ್ ಇನ್ನೂ ಬಂದಿಲ್ಲ, ನೀವು ಹೋಗಿ ಬನ್ನಿ' ಅಂತ ಸುಳ್ಳು ಹೇಳಿಬಿಟ್ಟೆ. ಈಗ ನನಗೋಸ್ಕರ ಟ್ರಿಪ್ಪನ್ನೇ ಒಂದು ತಿಂಗಳು ಮುಂದಕ್ಕೆ ಹಾಕಿದ್ದಾರೆ! ದಿನಾ 'ಬಂತಾ?' ಅಂತ ಕೇಳುತ್ತಾರೆ. ಪಾಸ್‌ಪೋರ್ಟ್ ಎರಡು ವರ್ಷದಿಂದ ಬೀರುವಿನಲ್ಲಿ ಸೀರೆಗಳ ಕೆಳಗಿದೆ. ಅವರ ದುಡ್ಡಿನಲ್ಲಿ ಹೋಗಲೋ, ಇನ್ನೊಂದು ನೆಪ ಹುಡುಕಲೋ?

ಉತ್ತರ: ಅಲ್ಲ ಮಾರಾಯ್ತಿ, ಗ್ರೂಪಿಗೆ 'ಲಂಕಾದಹನ' ಅಂತ ಹೆಸರಿಟ್ಟಿದ್ದು ನಾಲ್ವರು, ಬಾಲಕ್ಕೆ ಬೆಂಕಿ ಹತ್ತಿಸಿಕೊಂಡವರು ನೀವೊಬ್ಬರೇ!

ನಗಬಾರದಿತ್ತು, ಕ್ಷಮಿಸಿ. ಆದರೆ ನಿಮ್ಮ ಪತ್ರ ಓದಿ ನನಗೆ ಮೊದಲು ಆಗಿದ್ದು ಹೊಟ್ಟೆಕಿಚ್ಚು. ಒಬ್ಬಳು ಬರುವುದಿಲ್ಲ ಅಂದರೆ 'ಸರಿ, ಮುಂದಿನ ಸಲ ನೋಡೋಣ' ಅನ್ನುವ ಗೆಳತಿಯರೇ ಜಾಸ್ತಿ. ನಾಲ್ಕು ಜನರ ರಜೆ ಹೊಂದಿಸುವುದು ಮದುವೆಗೆ ಮುಹೂರ್ತ ಇಡುವುದಕ್ಕಿಂತ ಕಷ್ಟ. ಅದನ್ನು ನಿಮಗಾಗಿ ಬದಲಾಯಿಸಿದ್ದಾರೆ ಅಂದರೆ ಅವರಿಗೆ ಬೇಕಾಗಿರುವುದು ಹೋಟೆಲ್ ಅಲ್ಲ, ನೀವು.

ಇನ್ನೊಂದು ನೆಪ ಬೇಡವೇ ಬೇಡ. ಈಗಿರುವುದೇ ಜಾಸ್ತಿ ದಿನ ನಿಲ್ಲುವುದಿಲ್ಲ. ಶ್ರೀಲಂಕಾಕ್ಕೆ ಹೊರಡುವ ಮೊದಲು ಆನ್‌ಲೈನಿನಲ್ಲಿ ಇಟಿಎ, ಅಂದರೆ ಆ ದೇಶಕ್ಕೆ ಹೋಗಲು ಬೇಕಾದ ಅನುಮತಿಯ ಅರ್ಜಿ ತುಂಬಬೇಕು. ಅದರಲ್ಲಿ ಪಾಸ್‌ಪೋರ್ಟ್ ನಂಬರಿನ ಜೊತೆ ಅದು ಕೊಟ್ಟ ತಾರೀಕನ್ನೂ ಕೇಳುತ್ತಾರೆ. ಇಂಥ ಕೆಲಸ ಗ್ರೂಪಿನಲ್ಲಿ ಯಾರೋ ಒಬ್ಬಳ ತಲೆಗೇ ಬರುವುದು. ನಿಮ್ಮ ಗ್ರೂಪಿನಲ್ಲಿ ಅದು ಬ್ಯಾಂಕಿನವಳೇ ಅಂತ ನನ್ನ ಊಹೆ. ಎರಡು ವರ್ಷದ ಹಿಂದಿನ ತಾರೀಕು ಅವಳ ಕಣ್ಣಿಗೆ ಬೀಳದೆ ಇರುತ್ತದಾ?

ಹಾಗಾದರೆ ಅವರ ದುಡ್ಡಿನಲ್ಲಿ ಹೋಗಿಬಿಡುವುದಾ? ಅದನ್ನೂ ಮಾಡಬೇಡಿ. ಇದು ನಾನು ಪಟ್ಟು ಕಲಿತಿದ್ದು. ಇದೇ ಕೊಲಂಬೊಗೆ ನಾನೂ ಒಮ್ಮೆ ಗೆಳತಿಯರ ಖರ್ಚಿನಲ್ಲಿ ಹೋಗಿದ್ದೆ. ಅವರು ಒಂದು ಮಾತೂ ಆಡಲಿಲ್ಲ, ಪಾಪ. ಆದರೆ ಮೆನು ಕೈಗೆ ಬಂದ ಕೂಡಲೇ ನನ್ನ ಕಣ್ಣು ಬಲಗಡೆಯ ರೇಟಿನ ಮೇಲೇ ಹೋಗುತ್ತಿತ್ತು. ಎಲ್ಲಕ್ಕಿಂತ ಕಡಿಮೆಯದ್ದು ಹುಡುಕಿ, 'ನಂಗೆ ಇದೇ ಇಷ್ಟ' ಅನ್ನುತ್ತಿದ್ದೆ. ಮೂರು ದಿನದಲ್ಲಿ ಐದು ಸಲ ಫ್ರೈಡ್ ರೈಸ್ ತಿಂದೆ. ಎಲ್ಲಿಗೆ ಹೋಗೋಣ ಅಂತ ಕೇಳಿದರೆ 'ನೀವು ಹೇಳಿದ ಕಡೆ' ಅನ್ನುವುದು. ನನಗೆ ಪೆಟ್ಟಾ ಬಜಾರಿನ ಆ ಕೆಂಪು ಬಿಳಿ ಪಟ್ಟೆಯ ಮಸೀದಿ ನೋಡಬೇಕಿತ್ತು. 1909ರಲ್ಲಿ ಕಟ್ಟಿ ಮುಗಿಸಿದ್ದು, ದಾಳಿಂಬೆ ಹಣ್ಣು ಬಿಡಿಸಿಟ್ಟ ಹಾಗೆ ಕಾಣುತ್ತದೆ. ಬಾಯಿ ಬಿಡಲಿಲ್ಲ. ಬೇರೆಯವರು ದುಡ್ಡು ಕಟ್ಟಿದ್ದಾರೆ ಅಂದಮೇಲೆ ನಮ್ಮ ಆಸೆಗೆ ಓಟಿಲ್ಲ ಅಂತ ನನಗೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಹಂಗು ಅಂದರೆ ಇದೇ. ಅವರು ಹಾಕಿದ್ದಲ್ಲ, ನಾನೇ ಹೊತ್ತುಕೊಂಡಿದ್ದು.

ಅದಕ್ಕೇ, ನೆಪ ಬಿಟ್ಟು ಒಂದು ಅಂಕಿ ಹೇಳಿ. 'ನನ್ನ ಹತ್ತಿರ 35 ಸಾವಿರ ಇದೆ. ಅಷ್ಟರಲ್ಲಿ ಆಗುವ ಟ್ರಿಪ್ಪಿಗೆ ನಾನು ರೆಡಿ.' ಇಷ್ಟೇ. 'ನಂಗೆ ಕಷ್ಟ ಕಣೇ' ಅಂದರೆ ಅವರು ಮರುಕ ಪಡುತ್ತಾರೆ, ಪರ್ಸ್ ತೆಗೆಯುತ್ತಾರೆ. ಅಂಕಿ ಹೇಳಿದರೆ ಲೆಕ್ಕಕ್ಕೆ ಕೂರುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂತ ನಾನು ಹೇಳುತ್ತಿಲ್ಲ. ಅದನ್ನು ನಿಮ್ಮ ಮನೆಯಲ್ಲಿ ಈಗಾಗಲೇ ಮೂರು ಜನ ಹೇಳಿರುತ್ತಾರೆ.

ಲೆಕ್ಕ ನೋಡಿ. ದೊಡ್ಡ ಹೋಟೆಲಾದರೆ ಮೂರು ರಾತ್ರಿಗೆ ನಿಮ್ಮ ಪಾಲೇ 30 ಸಾವಿರ. ಟಿಕೆಟ್ ಸೇರಿ 48 ಸಾವಿರ, ಇನ್ನೂ ಹೊಟ್ಟೆಗೆ ಏನೂ ಬಿದ್ದಿಲ್ಲ. ಅದೇ ವೆಲ್ಲವತ್ತೆ ಅಥವಾ ಮೌಂಟ್ ಲವಿನಿಯಾ ಕಡೆ ಗೆಸ್ಟ್‌ಹೌಸ್ ಹಿಡಿದರೆ ಮೂರು ನಾಲ್ಕು ಸಾವಿರಕ್ಕೆ ಇಬ್ಬರಿಗೆ ಚೊಕ್ಕ ರೂಮು ಸಿಗುತ್ತದೆ. ನಿಮ್ಮ ಪಾಲು ಹೆಚ್ಚೆಂದರೆ ಆರು ಸಾವಿರ. ಟಿಕೆಟ್ ಸೇರಿ 24. ಉಳಿದ 11 ಸಾವಿರದಲ್ಲಿ ಮೂರು ದಿನದ ಊಟ, ಓಡಾಟ ಧಾರಾಳವಾಗಿ ಆಗುತ್ತದೆ. ನಮ್ಮ ಒಂದು ರೂಪಾಯಿಗೆ ಅಲ್ಲಿಯ ಮೂರಕ್ಕೂ ಜಾಸ್ತಿ ರೂಪಾಯಿ ಬರುತ್ತದೆ. 2024ರಿಂದ ಅಲ್ಲಿ ನಮ್ಮ ಯುಪಿಐ ಕೂಡ ನಡೆಯುತ್ತದೆ. ಆದರೆ ತಳ್ಳುಗಾಡಿಯವನ ಮುಂದೆ ಫೋನ್ ಹಿಡಿದು ನಿಲ್ಲಬೇಡಿ, ಚಿಲ್ಲರೆ ಇಟ್ಟುಕೊಳ್ಳಿ.

ನಿಮ್ಮ ಗೆಳತಿಯರಿಗೆ ಹೇಳಿ, ಕೊಲಂಬೊದ ಒಳ್ಳೆಯದೆಲ್ಲ ಹೋಟೆಲಿನ ಹೊರಗೇ ಇದೆ ಅಂತ. ಗಾಲ್ ಫೇಸ್ ಗ್ರೀನ್ ಅನ್ನುವ ಸಮುದ್ರದ ದಂಡೆಯ ಬಯಲನ್ನು ಬ್ರಿಟಿಷರು 1859ರಲ್ಲಿ ಮಾಡಿದ್ದು. ಸಂಜೆ ಐದಾದರೆ ಊರಿಗೆ ಊರೇ ಅಲ್ಲಿರುತ್ತದೆ. ಮಕ್ಕಳು ಗಾಳಿಪಟ ಬಿಡುತ್ತಿರುತ್ತಾರೆ. ಗಾಡಿಯವರು ಬೇಳೆ ವಡೆಯ ಮೇಲೆ ಸಿಗಡಿ ಒತ್ತಿ ಕರಿದ 'ಇಸ್ಸೊ ವಡೆ' ಜೋಡಿಸಿಟ್ಟಿರುತ್ತಾರೆ. 2022ರಲ್ಲಿ ದೇಶ ದಿವಾಳಿಯಾದಾಗ ಜನ ಡೇರೆ ಹಾಕಿ ಕೂತು, ಅಧ್ಯಕ್ಷರೇ ಓಡಿಹೋಗುವ ಹಾಗೆ ಮಾಡಿದ್ದೂ ಇದೇ ಜಾಗದಲ್ಲಿ. ಆಮೇಲೆ ಫೋರ್ಟ್ ಸ್ಟೇಷನ್ನಿನಿಂದ ದಕ್ಷಿಣಕ್ಕೆ ಹೋಗುವ ರೈಲು. ಹಳಿ ಸಮುದ್ರಕ್ಕೆ ಎಷ್ಟು ಹತ್ತಿರ ಅಂದರೆ ಅಲೆ ಜೋರಿದ್ದ ದಿನ ಕಿಟಕಿಗೆ ಉಪ್ಪುನೀರು ಸಿಡಿಯುತ್ತದೆ. ಬಾಗಿಲಲ್ಲಿ ಕೂತವರು ಕಾಲು ಹೊರಗೆ ಬಿಟ್ಟಿರುತ್ತಾರೆ. ನೀವು ಹಾಗೆ ಕೂರಬೇಡಿ. ಮೌಂಟ್ ಲವಿನಿಯಾದಲ್ಲಿ ರೂಮು ಮಾಡಿದರೆ ಊರೊಳಗೆ ಹೋಗಲು ಬರಲು ಇದೇ ನಿಮ್ಮ ಬಸ್ಸು. ಇದೇ ಹಳಿ ಗಾಲ್ ಕೋಟೆಯವರೆಗೂ ಹೋಗುತ್ತದೆ, ಎರಡೂವರೆ ಗಂಟೆ ದಾರಿ.

ಬೆಂಗಳೂರಿನ ಇಬ್ಬರಿಗೆ ಆ ದೊಡ್ಡ ಹೋಟೆಲಿನ ಆಸೆ ಹೋಗದಿದ್ದರೆ? ಆಸೆಪಡುವುದು ತಪ್ಪೇನಲ್ಲ, ಅವರೂ ದುಡಿಯುತ್ತಾರೆ. ಒಂದು ಸಂಜೆ ಗಾಲ್ ಫೇಸ್ ಹೋಟೆಲಿನ ಜಗಲಿಯಲ್ಲಿ ಚಹಾ ಕುಡಿಯಿರಿ. 1864ರ ಹೋಟೆಲ್, ಎದುರಿಗೇ ಸಮುದ್ರ. ಆ ಚಹಾವನ್ನು ಅವರು ಕೊಡಿಸಲಿ, ನೀವು ಮುಲಾಜಿಲ್ಲದೆ ಕುಡಿಯಿರಿ. ಗೆಳತಿ ಚಹಾ ಕೊಡಿಸುವುದು ಬೇರೆ, ನಿಮ್ಮ ಪಾಲಿನ ಬಾಡಿಗೆ ಕಟ್ಟುವುದು ಬೇರೆ. ಚಹಾ ಆ ಸಂಜೆಗೇ ಮುಗಿಯುತ್ತದೆ. ಬಾಡಿಗೆ ಮನೆಯವರೆಗೂ ಜೊತೆಗೆ ಬರುತ್ತದೆ.

ಇನ್ನು ಹೇಳುವುದು ಹೇಗೆ? ಗ್ರೂಪಿನಲ್ಲಿ ಉದ್ದಕ್ಕೆ ಬರೆದು ಹಾಕಬೇಡಿ. ಅಲ್ಲಿ ಬರೆದರೆ ಮೂವರೂ ಒಟ್ಟಿಗೆ ಅಳುವ ಮುಖ ಕಳಿಸುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಒಬ್ಬಳಿಗೆ ಫೋನ್ ಮಾಡಿ. ನನ್ನ ಓಟು ಹುಬ್ಬಳ್ಳಿಯವಳಿಗೆ. ಬ್ಯಾಂಕಿನವರಿಗೆ ದುಡ್ಡಿನ ವಿಷಯ ಮಾತಾಡಲು ನಾಚಿಕೆ ಇರುವುದಿಲ್ಲ. 'ಪಾಸ್‌ಪೋರ್ಟ್ ಇದೆ ಕಣೇ, ದುಡ್ಡಿರಲಿಲ್ಲ, ಹೇಳೋಕೆ ನಾಚಿಕೆ ಆಯ್ತು' ಅನ್ನಿ. ಅವಳು ಬೈಯಬಹುದು. ಹಾಸ್ಟೆಲಿನಲ್ಲಿ ಬೈಯುತ್ತಿದ್ದ ಹಾಗೇ ಬೈಯುತ್ತಾಳೆ. ಬೈಯಿಸಿಕೊಳ್ಳಿ. ರಜೆ ಬದಲಾಯಿಸಿದ್ದಕ್ಕೆ ಮೂವರಿಗೂ ಕ್ಷಮೆ ಕೇಳುವುದಂತೂ ಬಾಕಿ ಇದೆ, ಅದರಲ್ಲಿ ಚೌಕಾಸಿ ಬೇಡ.

ಅವರು ಒಪ್ಪದೆ, 'ನಮಗೆ ಆ ಹೋಟೆಲೇ ಬೇಕು' ಅಂದರೆ? ಆಗ ನಿಜವಾಗಿಯೂ 'ಹೋಗಿ ಬನ್ನಿ' ಅನ್ನಿ. ಆ ದಿನ ಬೇಜಾರಾಗುತ್ತದೆ, ಸುಳ್ಳೇನು ಹೇಳಲಿ. ಆದರೆ ನನಗೆ ಹಾಗನ್ನಿಸುತ್ತಿಲ್ಲ. ದಿನಾ 'ಬಂತಾ?' ಅಂತ ಕೇಳುವವರು ಹಾಗನ್ನುವವರಲ್ಲ.

ಫೋನಿನಲ್ಲಿ ಇನ್ನೊಂದು ಮಾತು ಕೇಳಿ: ಹೊಸ ತಾರೀಕು ಹುಣ್ಣಿಮೆಗೆ ಬೀಳುತ್ತದಾ? ಅಲ್ಲಿ ಪ್ರತಿ ಹುಣ್ಣಿಮೆಯೂ 'ಪೋಯ', ಸರ್ಕಾರಿ ರಜೆ. ಅವತ್ತು ಮದ್ಯ ಮಾರುವುದಿಲ್ಲ. ಗ್ರೂಪಿನಲ್ಲಿ ಯಾರಾದರೂ ರೂಫ್‌ಟಾಪ್ ಬಾರಿನ ಫೋಟೊ ಕಳಿಸಿದ್ದರೆ ಈಗಲೇ ಎಚ್ಚರಿಸಿ. ನೀವು ಸಸ್ಯಾಹಾರಿಯಾದರೆ ಪೊಲ್ ಸಂಬೋಲ್ ಬಗ್ಗೆ ಹುಷಾರು. ನೋಡಲು ನಮ್ಮ ಕೆಂಪು ಕಾಯಿಚಟ್ನಿಯ ಹಾಗೇ ಇರುತ್ತದೆ, ಒಳಗೆ ಒಣಮೀನಿನ ಪುಡಿ ಹಾಕಿರುತ್ತಾರೆ. ಮೊದಲೇ ಕೇಳಿ. ವೆಲ್ಲವತ್ತೆಯ ತಮಿಳರ ಸಸ್ಯಾಹಾರಿ ಹೋಟೆಲುಗಳಲ್ಲಿ ಆ ತಾಪತ್ರಯವಿಲ್ಲ, ನಮ್ಮ ಒತ್ತು ಶಾವಿಗೆಯಂಥದ್ದೇ ಬಿಸಿಬಿಸಿ ಸಿಗುತ್ತದೆ.

ಮತ್ತೆ, ಪೆಟ್ಟಾಗೆ ಹೋದರೆ ಆ ಮಸೀದಿಯ ಒಂದು ಫೋಟೊ ನನಗೆ ಕಳಿಸಿ.