ಪೇಂಟಿಂಗ್‌ನಲ್ಲಿ ರೇಷ್ಮೆ ಸೀರೆಯ ನೆರಿಗೆ ನಿಜವಾದದ್ದರ ಹಾಗೆ ಕಾಣಲು ಬಣ್ಣ ಹೇಗೆ ಹಚ್ಚಬೇಕು?
ಆಕ್ರಿಲಿಕ್ ಅಥವಾ ಆಯಿಲ್ ಬಣ್ಣವಾದರೆ ಮೊದಲು ಇಡೀ ಸೀರೆಗೆ ಹದವಾದ ನಡುಬಣ್ಣ ಬಳಿಯಿರಿ. ಆಮೇಲೆ ನೆರಳನ್ನು ಪದರ ಪದರವಾಗಿ ಕಟ್ಟುತ್ತಾ ಹೋಗಿ. ಹೊಳಪು ಕಟ್ಟಕಡೆಗೆ.

ನೆರಿಗೆ ಅಂದರೆ ಗೆರೆಯಲ್ಲ, ಬಟ್ಟೆಯ ಏರಿಳಿತ. ಉಬ್ಬು ಬೆಳಕಿನ ಕಡೆಗೆ ತಿರುಗಿರುತ್ತದೆ, ಮಡಿಕೆಯ ಒಳಕ್ಕೆ ಬೆಳಕು ಇಳಿಯುವುದಿಲ್ಲ. ನಡುವೆ ಬಣ್ಣ ಮೆಲ್ಲಗೆ ಬದಲಾಗುತ್ತದೆ. ಸುಮ್ನೆ ಕಪ್ಪು ಗೆರೆ ಎಳೆದರೆ ಬಟ್ಟೆ ಹರಿದ ಹಾಗೆ ಕಾಣುತ್ತದೆ, ಅಲ್ವಾ?

ಕೆಂಪು ಸೀರೆಯ ನೆರಳಿಗೆ ನಾನಂತೂ ಕಪ್ಪು ಮುಟ್ಟುವುದಿಲ್ಲ. ಕೆಂಪಿಗೇ ಚೂರು ಹಸಿರು ಬೆರೆಸಿ, ಗಾಢವಾದ ಕಂದುಗೆಂಪು ಬರುತ್ತದೆ, ಸೀರೆ ಮಂಕಾಗುವುದಿಲ್ಲ.

ರೇಷ್ಮೆ ನುಣುಪು. ಬಿದ್ದ ಬೆಳಕನ್ನು ಜಾಸ್ತಿ ಚದುರಿಸದೆ ಒಂದೇ ಕಡೆಗೆ ತಿರುಗಿಸುತ್ತದೆ. ಅದಕ್ಕೇ ಅದರ ಹೊಳಪು ಸಣ್ಣ ಪಟ್ಟಿಯಂತೆ, ಗಾಢ ನೆರಳಿನ ಪಕ್ಕದಲ್ಲೇ ಬರಬೇಕು. ಹತ್ತಿ ಸೀರೆಗಾದರೆ ಅದೇ ಹೊಳಪನ್ನು ಅಗಲವಾಗಿ, ಮಂದವಾಗಿ ಹರಡಿ.