ಪ್ರತಿಕ್ರಿಯೆ: ದಾರಿ ಗೊತ್ತಿದ್ದರೆ ಸಾಲದು

ಪೆರ್ಲದ ಹತ್ತಿರ ಮನೆ, ಮಾವ ಕುಡಿದೇ ಜೀಪು ಓಡಿಸಿಕೊಂಡು ಬರುತ್ತಾರೆ, ಊರಲ್ಲಿ ಯಾರೂ ತಡೆಯುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ನಮ್ಮ ಕಡೆಯೂ ಹೀಗೇ. "ಅವರಿಗೆ ಕಣ್ಣು ಮುಚ್ಚಿದರೂ ದಾರಿ ಗೊತ್ತುಂಟು" ಅಂತ ಬಿಟ್ಟುಬಿಡುತ್ತಾರೆ. ದಾರಿ ಗೊತ್ತುಂಟು, ಸರಿ. ಎದುರಿಂದ ಮಗು ಓಡಿ ಬಂದರೆ ಕಾಲು ಬ್ರೇಕ್ ಮೇಲೆ ಹೋಗಬೇಕಲ್ವಾ?

ನಮ್ಮ ನೆರೆಮನೆಯವರು ಒಂದು ಮದರಂಗಿ ರಾತ್ರಿ ಬೈಕನ್ನು ಮುರಕಲ್ಲಿನ ಪಾಗಾರಕ್ಕೆ ಗುದ್ದಿದರು. ನಾವು ಓಡಿ ಹೋದಾಗ ಹೆಡ್‌ಲೈಟ್ ಇನ್ನೂ ತೋಟದ ಕಡೆಗೆ ಉರಿಯುತ್ತಿತ್ತು. ಅವರ ಎಡಗಾಲು ಈಗಲೂ ಸರಿಯಾಗಿ ಮಡಚುವುದಿಲ್ಲ. ಅವರನ್ನು ಬೈಕ್ ಹತ್ತಿಸಿ ಕಳಿಸಿದವರಲ್ಲಿ ನಾನೂ ಇದ್ದೆ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಬೆಳಿಗ್ಗೆ, ಕುಡಿಯದಿರುವಾಗ, ಅತ್ತೆಯನ್ನೂ ಕೂರಿಸಿಕೊಂಡು ಮಾತಾಡಿ. 100 ಮಿಲಿ ರಕ್ತದಲ್ಲಿ ಮದ್ಯ 30 ಮಿಲಿಗ್ರಾಂ ಮೀರಿದರೆ ಮೊದಲ ಸಲವೇ 6 ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಯಾರಿಗಾದರೂ ಪೆಟ್ಟಾದರೆ ವಿಮೆ ಕಂಪನಿ ಪರಿಹಾರ ಕೊಟ್ಟು, ಆಮೇಲೆ ಆ ದುಡ್ಡನ್ನು ಮಾವನಿಂದಲೇ ವಸೂಲಿಗೆ ಕೇಳಬಹುದು. ಅಡಿಕೆ ತೋಟ ಇರುವವರಿಗೆ ಈ ಮಾತು ಜೈಲಿಗಿಂತ ಜಾಸ್ತಿ ತಾಗುತ್ತದೆ. ಮಜ್ಜಿಗೆ, ಕಾಫಿ, ತಣ್ಣೀರ ಸ್ನಾನ, ಯಾವುದರಿಂದಲೂ ಅಮಲು ಬೇಗ ಇಳಿಯುವುದಿಲ್ಲ. ಅದನ್ನೂ ಹೇಳಿ.

ಮದುವೆ, ಪೂಜೆ ಅಂತ ಜಂಬರಕ್ಕೆ ಹೋಗುವ ದಿನ ಪರಿಚಯದ ರಿಕ್ಷಾದವರಿಗೆ ಮೊದಲೇ ಹೇಳಿಡಿ. ಜೀಪಿನ ಕೀ ನಿಮ್ಮ ಕೈಯಲ್ಲಿರಲಿ. ಕೇಳದೆ ಹೊರಟೇಬಿಟ್ಟರೆ 112ಕ್ಕೆ ಫೋನ್ ಮಾಡಿ. ಎರಡು ತಿಂಗಳು ಮಾತು ಬಿಟ್ಟಾರು, ಬಿಡಲಿ.