ಮನೆಯ ಸಮಾರಂಭಗಳಿಗೆ ಕೈಗೆಟುಕುವ ಫ್ಲ್ಯಾಶ್ ಯಾವುದು?

ಪ್ರಶ್ನೆ: ನನ್ನ ಬಳಿ ಕ್ಯಾನನ್ 1500ಡಿ ಕ್ಯಾಮೆರಾ ಮತ್ತು ಅದರೊಂದಿಗೆ ಬಂದ 18–55 ಮಿ.ಮೀ. ಲೆನ್ಸ್ ಇದೆ. ಹುಟ್ಟುಹಬ್ಬ, ನಾಮಕರಣ ಮುಂತಾದ ಮನೆಯೊಳಗಿನ ಸಮಾರಂಭಗಳಲ್ಲಿ ಕ್ಯಾಮೆರಾದ್ದೇ ಫ್ಲ್ಯಾಶ್ ಹಾಕಿ ಫೋಟೊ ತೆಗೆದರೆ ಮುಂದಿನವರ ಮುಖ ಬಿಳಚಿಕೊಳ್ಳುತ್ತದೆ, ಹಿಂದಿನವರು ಕತ್ತಲಲ್ಲಿ ಉಳಿಯುತ್ತಾರೆ, ಗೋಡೆಯ ಮೇಲೆ ಕಪ್ಪು ನೆರಳು ಬೀಳುತ್ತದೆ. ಆರೇಳು ಸಾವಿರ ರೂಪಾಯಿಯೊಳಗೆ ಯಾವ ಫ್ಲ್ಯಾಶ್ ಕೊಳ್ಳಬಹುದು? ನಮ್ಮದು ತೋಟದ ಮನೆ. ಹೊಸ ಕೋಣೆಗಳಿಗೆ ತಾರಸಿಯಿದೆ, ನಡುಮನೆಗೆ ಹೆಂಚಿನ ಮಾಡು. ಚಿಕ್ಕಪ್ಪನವರ ಬಳಿ ರೀಲ್ ಕ್ಯಾಮೆರಾ ಕಾಲದ ಫ್ಲ್ಯಾಶ್ ಒಂದಿದೆ. ಅದನ್ನೇ ಬಳಸಬಹುದೇ?
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಹಣದ ಲೆಕ್ಕಕ್ಕೆ ಮೊದಲು ನಿಮ್ಮ ಕ್ಯಾಮೆರಾದ ನೆತ್ತಿಯ ಮೇಲೆ ಫ್ಲ್ಯಾಶ್ ಕೂರಿಸುವ ಹಾಟ್ ಶೂ ಭಾಗವನ್ನು ನೋಡಿ. ಬಹುತೇಕ ಕ್ಯಾಮೆರಾಗಳಲ್ಲಿ ಅದರ ನಟ್ಟನಡುವೆ ದುಂಡನೆಯ ದೊಡ್ಡ ಸಂಪರ್ಕಬಿಂದು ಇರುತ್ತದೆ. ಶಟರ್ ತೆರೆದ ಕ್ಷಣದಲ್ಲಿ ಬೆಳಗಬೇಕೆಂಬ ಸೂಚನೆ ಫ್ಲ್ಯಾಶ್‌ಗೆ ತಲಪುವುದು ಅದರ ಮೂಲಕವೇ. ಕ್ಯಾನನ್ ತನ್ನ 1500ಡಿ, 3000ಡಿ ಮುಂತಾದ ಕೆಲವು ಮಾದರಿಗಳಲ್ಲಿ ಈ ಬಿಂದುವನ್ನು ಕೈಬಿಟ್ಟಿದೆ. ಹಾಗಾಗಿ ಅದೊಂದನ್ನೇ ನಂಬಿಕೊಂಡ, ಶಕ್ತಿಯನ್ನು ಕೈಯಾರೆ ಹೊಂದಿಸಬೇಕಾದ ಮ್ಯಾನ್ಯುಯಲ್ ಫ್ಲ್ಯಾಶ್‌ಗಳು, ಎಂದರೆ ಕಡಿಮೆ ಬೆಲೆಗೆ ಎಲ್ಲರೂ ಹೇಳುವ ಗೊಡಾಕ್ಸ್ ಟಿಟಿ600ನಂಥವು, ನಿಮ್ಮ ಕ್ಯಾಮೆರಾದ ಮೇಲೆ ಸರಿಯಾಗಿಯೇ ಕೂರುತ್ತವೆ, ಆದರೆ ಬೆಳಗುವುದಿಲ್ಲ. ಚಿಕ್ಕಪ್ಪನವರ ಫ್ಲ್ಯಾಶ್‌ಗೂ ಇದೇ ಉತ್ತರ. ಅಲ್ಲದೆ ಆ ಕಾಲದ ಕೆಲವು ಫ್ಲ್ಯಾಶ್‌ಗಳ ಟ್ರಿಗರ್ ವೋಲ್ಟೇಜ್, ಎಂದರೆ ಆ ಬಿಂದುವಿನ ಮೂಲಕ ಕ್ಯಾಮೆರಾಕ್ಕೆ ತಗಲುವ ವೋಲ್ಟೇಜ್, ನೂರು ವೋಲ್ಟ್ ದಾಟಿ ಕ್ಯಾಮೆರಾವನ್ನು ಕೆಡಿಸಬಹುದಾದ್ದರಿಂದ, ನಡುವಿನ ಬಿಂದು ಇರುವ ಬೇರೆ ಡಿಜಿಟಲ್ ಕ್ಯಾಮೆರಾಗಳಿಗೂ ಅದನ್ನು ಪರೀಕ್ಷಿಸದೆ ಹಾಕುವುದು ಬೇಡ.

ಇನ್ನು ನಿಮ್ಮ ಫೋಟೊಗಳ ದೋಷದ ಮೂಲಕ್ಕೆ ಬರೋಣ. ಫ್ಲ್ಯಾಶ್‌ನ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ: ಎರಡು ಮೀಟರ್ ದೂರದಲ್ಲಿರುವವರಿಗೆ ಬೀಳುವ ಬೆಳಕಿನ ಕಾಲು ಭಾಗ ಮಾತ್ರ ನಾಲ್ಕು ಮೀಟರ್ ದೂರದವರಿಗೆ ಸಿಗುತ್ತದೆ. ಎಷ್ಟೇ ಶಕ್ತಿಯ ಫ್ಲ್ಯಾಶ್ ತಂದರೂ ಅದನ್ನು ನೇರವಾಗಿ ಮುಖಕ್ಕೆ ಹಿಡಿದರೆ ಈ ಅನುಪಾತ ಬದಲಾಗದು, ನೆರಳೂ ಹೋಗದು. ಬೆಳಕನ್ನು ಸೂರಿಗೋ ಪಕ್ಕದ ಗೋಡೆಗೋ ಹಾಯಿಸಿ, ಅಲ್ಲಿಂದ ಹರಡಿ ಮರಳುವಂತೆ ಮಾಡಿದಾಗ ಮಾತ್ರ ಮುಂದಿನವರಿಗೂ ಹಿಂದಿನವರಿಗೂ ಹೆಚ್ಚುಕಡಿಮೆ ಒಂದೇ ಬೆಳಕು ಸಿಗುತ್ತದೆ. ಇದಕ್ಕೆ ಬೌನ್ಸ್ ಎನ್ನುತ್ತಾರೆ. ಆದ್ದರಿಂದ ತಲೆ ಮೇಲಕ್ಕೂ ಎಡಬಲಕ್ಕೂ ತಿರುಗದ ಫ್ಲ್ಯಾಶ್ ಎಷ್ಟೇ ಅಗ್ಗವಾಗಿದ್ದರೂ ನಿಮಗೆ ಬೇಡ. ಕ್ಯಾನನ್‌ನದೇ 270ಇಎಕ್ಸ್ ಮಾದರಿಯ ತಲೆ ಮೇಲಕ್ಕೆ ಏಳುತ್ತದೆಯೇ ಹೊರತು ಪಕ್ಕಕ್ಕೆ ಹೊರಳುವುದಿಲ್ಲ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದಾಗ ಅದರ ಬೆಳಕು ಸೂರಿಗೆ ಹೋಗುವುದು ತಪ್ಪುತ್ತದೆ.

ಶಕ್ತಿಯನ್ನು ಅಳೆಯುವುದು ಗೈಡ್ ನಂಬರ್‌ನಿಂದ. ಅದನ್ನು ಲೆನ್ಸಿನ ತೆರಪನ್ನು ಸೂಚಿಸುವ ಎಫ್ ಸಂಖ್ಯೆಯಿಂದ ಭಾಗಿಸಿದರೆ, ಕ್ಯಾಮೆರಾದ ಬೆಳಕುಗ್ರಹಿಕೆಯ ಮಟ್ಟವಾದ ಐಎಸ್‌ಒ 100ರಲ್ಲಿ ಬೆಳಕು ತಲಪುವ ದೂರ ಮೀಟರ್‌ಗಳಲ್ಲಿ ಸಿಗುತ್ತದೆ. ನಿಮ್ಮ ಕ್ಯಾಮೆರಾದ ಒಳಫ್ಲ್ಯಾಶ್‌ನದು ಸುಮಾರು 9, ಎಫ್5.6ರಲ್ಲಿ ಅದು ಒಂದೂವರೆ ಮೀಟರ್ ದಾಟುವುದೇ ಕಷ್ಟ. ಪೆಟ್ಟಿಗೆಯ ಮೇಲೆ ಮುದ್ರಿಸುವ 58, 60ರಂಥ ಅಂಕಿಗಳನ್ನು ಹಾಗೆಯೇ ನಂಬಬೇಡಿ, ಏಕೆಂದರೆ ಅವು ಫ್ಲ್ಯಾಶ್‌ನ ತಲೆಯನ್ನು 105 ಅಥವಾ 200 ಮಿ.ಮೀ. ಜೂಮ್‌ಗೆ ಇಟ್ಟು, ಬೆಳಕನ್ನು ಕಿರಿದಾಗಿ ಕೂಡಿಸಿ ಅಳೆದವು. 35 ಮಿ.ಮೀ. ಜೂಮ್‌ನಲ್ಲಿ 36ರ ಆಸುಪಾಸು ಇದ್ದರೆ ಮನೆಯೊಳಗಿನ ಕೆಲಸಕ್ಕೆ ಧಾರಾಳ. ಐಎಸ್‌ಒ 800 ಮತ್ತು ಎಫ್5.6 ಇಟ್ಟರೆ ಅಂಥ ಫ್ಲ್ಯಾಶ್ ನೇರವಾಗಿ ಸುಮಾರು 18 ಮೀಟರ್ ತಲಪುತ್ತದೆ. ಬಿಳಿ ಸೂರಿಗೆ ಬಡಿದು ಬರುವಾಗ ಮುಕ್ಕಾಲು ಪಾಲು ಬೆಳಕು ಕಳೆಯಿತೆಂದು ಹಿಡಿದರೂ 9 ಮೀಟರ್ ಉಳಿಯುತ್ತದೆ. ಹತ್ತಡಿ ಎತ್ತರದ ಕೋಣೆಯಲ್ಲಿ ಬೆಳಕು ಸೂರಿಗೆ ಹೋಗಿ ಮೂರು ಮೀಟರ್ ಆಚೆಯವರ ಮೇಲೆ ಇಳಿಯುವ ದಾರಿ ಸುಮಾರು 4 ಮೀಟರ್ ಮಾತ್ರ. ಪೂರ್ಣ ಶಕ್ತಿಯ ಕಾಲು ಭಾಗದಲ್ಲೇ ಕೆಲಸ ಮುಗಿಯುತ್ತದೆ, ಫ್ಲ್ಯಾಶ್ ಬೇಗ ಮರುಚಾರ್ಜ್ ಆಗುತ್ತದೆ.

ಈ ಲೆಕ್ಕ ತಾರಸಿಯ ಕೋಣೆಗಳಿಗೆ ಸರಿ. ನಿಮ್ಮ ನಡುಮನೆಯ ಹೆಂಚಿನ ಮಾಡು ಎತ್ತರದ್ದು, ಕಪ್ಪಾದ ತೊಲೆ ಪಕಾಸುಗಳದ್ದು. ಅಲ್ಲಿಗೆ ಹಾಯಿಸಿದ ಬೆಳಕು ಬಹುಪಾಲು ಮರಳುವುದೇ ಇಲ್ಲ, ಮರಳಿದ್ದೂ ಹೆಂಚಿನ ಕೆಂಪನ್ನು ಹೊತ್ತು ಬರುತ್ತದೆ. ಅಲ್ಲಿ ಸುಣ್ಣ ಬಳಿದ ಪಕ್ಕದ ಗೋಡೆಯನ್ನು ಬಳಸಿ. ಅದೂ ಇಲ್ಲದ ಕಡೆ ಬಿಳಿಯ ದೊಡ್ಡ ಥರ್ಮೋಕೋಲ್ ಹಲಗೆಯನ್ನು ಯಾರಿಂದಲಾದರೂ ಹಿಡಿಸಿದರೆ ಸಾಕು. ಅಂಗಡಿಯಲ್ಲಿ ಮಾರುವ ಅಂಗೈಯಗಲದ ಪ್ಲಾಸ್ಟಿಕ್ ಡಿಫ್ಯೂಸರ್‌ಗಿಂತ ಅದೇ ಮೇಲು. ಅಂಗಳಕ್ಕೆ ಹಾಕಿದ ಶಾಮಿಯಾನದ ಗುಲಾಬಿ, ಹಳದಿ ಬಟ್ಟೆಗೆ ಬೌನ್ಸ್ ಮಾಡಿದರೆ ಅದೇ ಬಣ್ಣ ಎಲ್ಲರ ಮುಖಕ್ಕೂ ಬಳಿಯುತ್ತದೆಂಬುದು ನೆನಪಿರಲಿ.

ನಿಮ್ಮ ಮುಂದೆ ಎರಡು ದಾರಿಗಳಿವೆ. ಕ್ಯಾಮೆರಾದೊಂದಿಗೆ ಮಾತಾಡಿಕೊಂಡು ಬೆಳಕನ್ನು ತಾನೇ ಹೊಂದಿಸುವ ಟಿಟಿಎಲ್ ಫ್ಲ್ಯಾಶ್ ಮೊದಲನೆಯದು. ಹೊಸದು ನಿಮ್ಮ ಮಿತಿಯನ್ನು ಮೀರಬಹುದಾದ್ದರಿಂದ, ಕ್ಯಾನನ್‌ನ 430ಇಎಕ್ಸ್ 2ರಂಥದ್ದು ಬಳಸಿದ ಸ್ಥಿತಿಯಲ್ಲಿ ಸಿಕ್ಕರೆ ವಿಚಾರಿಸಿ. ಅದರ ತಲೆ ಎರಡೂ ದಿಕ್ಕಿಗೆ ತಿರುಗುತ್ತದೆ. ಬೇರೆ ಕಂಪನಿಯದಾದರೆ ‘ಕ್ಯಾನನ್‌ಗೆ ಹೊಂದುತ್ತದೆ’ ಎಂಬ ಮಾತಿಗೆ ಒಪ್ಪದೆ, ಚಿಕ್ಕಮಗಳೂರಿನದೋ ಹಾಸನದ್ದೋ ಅಂಗಡಿಗೆ ನಿಮ್ಮ ಕ್ಯಾಮೆರಾವನ್ನೇ ಒಯ್ದು ಬೆಳಗಿಸಿ ನೋಡಿ.

ನನ್ನ ಒಲವು ಎರಡನೆಯದರ ಕಡೆಗಿದೆ. ಟಿಟಿ600ರಂಥ ಮ್ಯಾನ್ಯುಯಲ್ ಫ್ಲ್ಯಾಶ್‌ಗಳಲ್ಲಿ ಎಸ್1, ಎಸ್2 ಎಂಬ ಆಪ್ಟಿಕಲ್ ಸ್ಲೇವ್ ವಿಧಾನಗಳಿವೆ. ಇನ್ನೊಂದು ಫ್ಲ್ಯಾಶ್‌ನ ಬೆಳಕು ಕಂಡೊಡನೆ ಅವು ತಾವೂ ಬೆಳಗುತ್ತವೆ. ಅದನ್ನು ಕಪಾಟಿನ ಮೇಲೆ ಸೂರಿನತ್ತ ಮುಖಮಾಡಿ ಇಟ್ಟು ಎಸ್2ರಲ್ಲಿರಿಸಿ, ಕ್ಯಾಮೆರಾದ ಒಳಫ್ಲ್ಯಾಶ್ ಎತ್ತಿ, ಅದರ ಎಕ್ಸ್‌ಪೋಷರ್ ಕಾಂಪನ್ಸೇಷನ್ಅನ್ನು ಮೈನಸ್ 2ಕ್ಕೆ ಇಳಿಸಿ (ಎಂದರೆ ಅದರ ಬೆಳಕನ್ನು ತಗ್ಗಿಸಿ), ಕಣ್ಣು ಕೆಂಪಾಗದಂತೆ ತಡೆಯುವ ರೆಡ್-ಐ ವ್ಯವಸ್ಥೆಯನ್ನು ಬಂದ್ ಮಾಡಿ. ಎಸ್2 ಏಕೆಂದರೆ, ಒಳಫ್ಲ್ಯಾಶ್ ಅಳತೆಗಾಗಿ ಮೊದಲು ಬೀರುವ ಮಿಂಚನ್ನು ಅದು ಲೆಕ್ಕಿಸದೆ ಬಿಡುತ್ತದೆ. ಹೀಗೆ ಮಾಡಿದರೆ ಹಾಟ್ ಶೂವಿನ ಕೊರತೆ ಅಡ್ಡ ಬರುವುದಿಲ್ಲ. ಅತಿಥಿಗಳು ಕೋಣೆಯಿಂದ ಕೋಣೆಗೆ ಓಡಾಡುವಾಗ ಫ್ಲ್ಯಾಶನ್ನು ಎತ್ತಿಕೊಂಡು ಹೋಗಬೇಕಾದ ತೊಂದರೆಯೇನೋ ಇದೆ. ಆದರೆ ಕೇಕ್ ಕತ್ತರಿಸುವಾಗ, ತೊಟ್ಟಿಲು ತೂಗುವಾಗ ಎಲ್ಲರೂ ಒಂದೇ ಕಡೆ ನೆರೆದಿರುತ್ತಾರೆ.

ಕ್ಯಾಮೆರಾವನ್ನು ಎಂ (ಮ್ಯಾನ್ಯುಯಲ್) ವಿಧಾನದಲ್ಲಿಟ್ಟು 1/125 ಸೆಕೆಂಡ್, ಎಫ್5.6, ಐಎಸ್‌ಒ 800ರಿಂದ ಆರಂಭಿಸಿ, ಬೆಳಕು ಹೆಚ್ಚಾದರೆ ಫ್ಲ್ಯಾಶ್‌ನ ಶಕ್ತಿಯನ್ನು ಇಳಿಸಿ. ಶಟರ್ 1/200 ಮೀರಬಾರದು. ಮೀರಿದರೆ ಚಿತ್ರದ ಒಂದಂಚು ಕಪ್ಪಾಗುತ್ತದೆ. ಹಿನ್ನೆಲೆಯ ಸೀರಿಯಲ್ ಸೆಟ್ ದೀಪಗಳು ಕಾಣಬೇಕಾದರೆ 1/60ಕ್ಕೆ ಇಳಿಯಬಹುದು.

ಬ್ಯಾಟರಿಗೆ ಸ್ವಲ್ಪ ಹಣ ಉಳಿಸಿಕೊಳ್ಳಿ. ರೀಚಾರ್ಜ್ ಮಾಡಬಹುದಾದ ಎಎ ಅಳತೆಯ ನಿಕ್ಕೆಲ್ ಮೆಟಲ್ ಹೈಡ್ರೈಡ್ ಸೆಲ್‌ಗಳು ನಾಲ್ಕರಂತೆ ಎರಡು ಜೊತೆ ಇದ್ದರೆ ಒಂದು ಸಮಾರಂಭ ನೆಮ್ಮದಿಯಾಗಿ ಸಾಗುತ್ತದೆ. ಹಳೆಯದನ್ನೂ ಹೊಸದನ್ನೂ ಬೆರೆಸಬೇಡಿ. ಒಳಗೇ ಬಿಟ್ಟ ಸೆಲ್‌ಗಳು ಸೋರಬಹುದು, ನಿಮ್ಮ ಕಡೆಯ ಮಳೆಗಾಲದ ತೇವಕ್ಕೆ ಸಂಪರ್ಕಗಳು ಹಸಿರುಗಟ್ಟಬಹುದು. ಆದ್ದರಿಂದ, ಕೆಲಸ ಮುಗಿದೊಡನೆ ಅವನ್ನು ಹೊರತೆಗೆದು, ಫ್ಲ್ಯಾಶನ್ನು ಸಿಲಿಕಾ ಜೆಲ್ ಚೀಟಿಗಳೊಂದಿಗೆ ಗಾಳಿಯಾಡದ ಡಬ್ಬದಲ್ಲಿಡಿ.